ಚಿಕ್ಕಪ್ಪನ ಮೂರನೆಯ ಪಿಸ್ತೂಲು

ಬೆಳಿಗ್ಗೆ ಮತ್ತಿಕೆರೆಯ ಗ್ಯಾರೇಜಿನಲ್ಲಿ ನನ್ನ ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಲ್ಲಲಾಗಲಿಲ್ಲ. ಹಾಗೆ ನೋಡಿದರೆ ನಾನು ಎಲ್ಲೂ ನಿಲ್ಲುವವನಲ್ಲ. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ಬೈಸಿಕೊಳ್ಳುವ ಜಾತಿ. ಆದರೆ ಈ ಚಡಪಡಿಕೆಗೆ ಹನ್ನೆರಡು ವರ್ಷ ವಯಸ್ಸು.

ಕೊಡಿಗೇಹಳ್ಳಿಯ ನಮ್ಮ ಚಿಕ್ಕಪ್ಪ ಯಶವಂತಪುರದಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸಿ ನಿವೃತ್ತರಾದವರು. ಆಮೇಲೆ ಹಳೇ ಪಿಸ್ತೂಲುಗಳ ಹುಚ್ಚು ಹತ್ತಿತು. ಅದೂ ನಳಿಕೆಯನ್ನು ತಿರುಗಿಸಿ ಬಿಚ್ಚುವಂಥವೇ ಆಗಬೇಕು. ಕಾಗದಪತ್ರ ಸರಿಮಾಡಿಕೊಂಡು ಮೂರು ಕೂಡಿಸಿದ್ದರು. ನಳಿಕೆ ಬಿಚ್ಚಿ, ಹಿಂದಿನ ಕುಳಿಯಲ್ಲಿ ಸಿಡಿಮದ್ದು ತುಂಬಿ, ಮೇಲೆ ಗುಂಡು ಕೂರಿಸಿ, ಮತ್ತೆ ನಳಿಕೆ ಬಿಗಿಯುವುದು. ನಮ್ಮ ಚಿಕ್ಕಪ್ಪನಿಗೆ ಗುಂಡು ಹಾರಿಸುವುದು ಬೇಕಿರಲಿಲ್ಲ. "ಲೇತ್ ಸರಿಯಾಗಿಲ್ಲದ ಕಾಲದಲ್ಲಿ ಎಂಥಾ ಥ್ರೆಡ್ ಹಾಕಿದಾನೆ ನೋಡೋ!" ಅಂತ ತಿರುಪಿನ ಸುತ್ತುಗಳನ್ನು ಉಗುರಿನಿಂದ ಸವರಿ ತೋರಿಸುವರು.

ಮೂರನೆಯದು ಮಾತ್ರ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ದಿನಾ ಎರಡು ತೊಟ್ಟು ಸೀಮೆಎಣ್ಣೆ ಬಿಟ್ಟು ಸುಮ್ಮನಿರುವರು. ತಿಂಗಳಾಯಿತು. "ಅದಾಗಿ ಅದೇ ಬಿಟ್ಕೊಳ್ಳತ್ತೆ, ನೀನ್ ಕೈ ಹಚ್ಬೇಡ," ಅಂದಿದ್ದರು.

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಅವರು ಹೆಸರಘಟ್ಟಕ್ಕೆ ಹೋಗಿದ್ದರು. ಕಬ್ಬಿಣ ಕಾದರೆ ಸಡಿಲವಾಗುತ್ತದೆಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ಗ್ಯಾಸ್ ಹಚ್ಚಿ, ಇಕ್ಕಳದಲ್ಲಿ ಪಿಸ್ತೂಲು ಹಿಡಿದು ನಳಿಕೆಯನ್ನು ಉರಿಗೊಡ್ಡಿದೆ. ಕೆಳಕ್ಕೆ ಬಾಗಿದ ಅದರ ಬಾಯಿ ನೇರ ಎದುರಿಗೆ ತುರಿಮಣೆ ಮೇಲೆ ಕೂತು ಕಾಯಿ ತುರಿಯುತ್ತಿದ್ದ ಚಿಕ್ಕಮ್ಮನ ಕಡೆಗಿತ್ತು.

"ಸಾರಿಗೆ ಒಗ್ಗರಣೆ ಹಾಕ್ಬೇಕು, ಸರಿಯೋ ಆ ಕಡೆ. ಅಡುಗೆ ಒಲೇಲಿ ಎಂಥದೋ ಅದು?" ಎಂದು ಎದ್ದು ಬಂದು ನನ್ನನ್ನು ತಳ್ಳಿದರು. ಪಿಸ್ತೂಲನ್ನು ಆರಲು ಬಿಟ್ಟು, ಒರೆಸಿ, ಇದ್ದಲ್ಲೇ ಇಟ್ಟೆ.

ಮುಂದಿನ ವಾರ ಚಿಕ್ಕಪ್ಪನ ಫೋನು. "ಬಾರೋ, ಬಿಟ್ಕೊಂಡ್ತು!" ಹೋದೆ. ನಳಿಕೆ ಬಿಚ್ಚಿ ಪೇಪರಿನ ಮೇಲೆ ಹಿಡಿದರು. ಒಂದು ಸೀಸದ ಗುಂಡು ಉದುರಿತು. ಹಿಂದೆಯೇ ಕಪ್ಪು ಮದ್ದು.

"ಯಾವನೋ ತುಂಬಿಸಿ ಹಂಗೇ ಬಿಟ್ಟಿದಾನೆ," ಅಂದರು.

ಕೊಟ್ಟ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಒಲೆಗೆ ಒಡ್ಡಿದ್ದನ್ನು ಆವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅಲ್ಲಿಂದಾಚೆಗೆ ಚಿಕ್ಕಮ್ಮ ಬಡಿಸಲು ಬಗ್ಗಿದಾಗೆಲ್ಲ ನಾನು ಎಲೆ ನೋಡುತ್ತೇನೆ, ಅವರ ಮುಖ ನೋಡುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಕಾಣೆ.

ಇವತ್ತು ಬೈಕನ್ನು ಗ್ಯಾರೇಜಿನಲ್ಲೇ ಬಿಟ್ಟು ಆಟೊ ಹಿಡಿದು ಕೊಡಿಗೇಹಳ್ಳಿಗೆ ಹೋದೆ. ಜಗಲಿಯಲ್ಲಿದ್ದ ಚಿಕ್ಕಪ್ಪನ ಮುಂದೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದರು. "ಆವತ್ತೇ ಗೊತ್ತಾಯ್ತು ಕಣೋ. ನಳಿಕೆ ಬಾಯಿ ನೀಲಿ ತಿರುಗಿತ್ತು. ಬೆಂಕಿ ಕಂಡ ಕಬ್ಬಿಣ ನಂಗೆ ಗೊತ್ತಾಗಲ್ವಾ? ಗುಂಡು ಉದುರಿದ ರಾತ್ರಿ ನಿದ್ದೆ ಮಾಡ್ಲಿಲ್ಲ ನಾನು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬರೋದೇ ಬಿಟ್ಬಿಡ್ತಿದ್ದೆ." ಕನ್ನಡಕ ಮತ್ತೆ ಏರಿಸಿಕೊಂಡು, "ನಂಗಲ್ಲ ಹೇಳ್ಬೇಕಾದ್ದು. ಒಳಗೆ ಹೋಗು," ಅಂದರು.

ಒಳಗೆ ಚಿಕ್ಕಮ್ಮ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತೆ. ಏನೆಂದು ಕೇಳದೆ ಒಂದು ಕಟ್ಟು ನನ್ನ ಕಡೆ ತಳ್ಳಿದರು. ಮೊದಲ ಎಲೆ ಕಿತ್ತು, ಅವರ ಮುಖ ನೋಡುತ್ತಾ ಹೇಳತೊಡಗಿದೆ.