ಸಟವಿ ಬರೆಯುವ ಮುನ್ನ

ಭೋಜ ಗ್ರಾಮದ ಸುಂದರಾ ನಾನು ಕಲಿಸುತ್ತಿದ್ದ ನಾಲ್ಕನೆಯ ತರಗತಿಯಲ್ಲಿ ಕಲಿತವಳು. ಮಗ್ಗಿಯಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಮುಂದೆ ಓದಲಾಗದೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ಎಲೆ ಹಸನು ಮಾಡಿದಳು. ಸೆರೆಯನ್ನೇ ಮುಟ್ಟದ ಅವಳ ಗಂಡ ಯಕೃತ್ತು ಕೆಟ್ಟು ತೀರಿಕೊಂಡಾಗ ಊರು, "ಕುಡದ ಸತ್ತ" ಎಂದಿತು.

ಆಮೇಲೆ ಮನೆಯವರ ರಕ್ತಪರೀಕ್ಷೆಯಾಯಿತು. ಗಂಡನನ್ನು ಕೊಂದದ್ದು ಹೆಪಟೈಟಿಸ್ ಬಿ. ಮಗ ಸಮಾಧಾನನಿಗೂ ಅದು ಎಂದೋ ತಗಲಿ, ತಾನಾಗಿಯೇ ಹೋಗಿತ್ತು. ಮಗಳು ನೀಲಮಳಲ್ಲಿ ಮಾತ್ರ ನೆಲೆಯೂರಿತ್ತು.

"ಒಂದ ಹೊಟ್ಟ್ಯಾಗ ಹುಟ್ಟಿದವ್ರಿಗೆ ಹಿಂಗ್ಯಾಕ್ರಿ ಸಾಹೇಬ್ರ?" ಎಂದು ಸುಂದರಾ ಡಾಕ್ಟರನ್ನು ಕೇಳಿದಳು.

ಮೈಯೊಳಗಿನ ಕಾವಲಿಗೆ ವೈರಿಯ ಗುರುತು ಹಿಡಿಸುವ ಗುಣಗಳು ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಒಡಹುಟ್ಟಿದವರಿಗೂ ಒಂದೇ ಪಾಲು ಸಿಗುವುದಿಲ್ಲ ಎಂದು ಅವರು ತಿಳಿಸಿದರು. ಸೋಂಕು ಯಾವ ವಯಸ್ಸಿನಲ್ಲಿ ತಗಲಿತು ಎಂಬುದೂ ಮುಖ್ಯ. ಹಸುಗೂಸಿಗೆ ತಗಲಿದರೆ ಬಹುಮಟ್ಟಿಗೆ ಉಳಿದೇ ಬಿಡುತ್ತದೆ.

ಹಾಗಾಗಿ ನೀಲಮ ಬಸುರಿಯಾದ ದಿನದಿಂದ ಸುಂದರಾಳ ತಲೆಯಲ್ಲಿ ಒಂದೇ ಮಾತು: ತಾಯಿಯ ಸೋಂಕು ಕೂಸಿಗೆ ತಗಲದಂತೆ, ಹುಟ್ಟಿದ ಹನ್ನೆರಡು ತಾಸಿನೊಳಗೆ ಎರಡು ಸೂಜಿ; ಒಂದು ಲಸಿಕೆ, ಇನ್ನೊಂದು ಸಿದ್ಧ ಕಾವಲು.

ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ಬೆಳಗಿನ ಆರಕ್ಕೆ ಹೆಣ್ಣು ಹುಟ್ಟಿತು. ನರ್ಸ್ ಪ್ರಾಜಕ್ತಾ ಸೂಜಿ ತಂದಳು. ನೀಲಮಳ ಅತ್ತೆ ಹೌಸಾಬಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಐದನೇ ದಿನಕ್ಕ ಸಟವಿ ತಾಯಿ ಬಂದು ಹಣೀಬರಾ ಬರೀಬೇಕು. ಅಲ್ಲೀತನಕ ನಮ್ಮ ಮನ್ಯಾಗ ಕೂಸಿಗೆ ಕಬ್ಬಿಣ ಮುಟ್ಟಸಂಗಿಲ್ಲ."

"ಅಜ್ಜಿ, ಐದನೇ ದಿನಕ್ಕ ಇದು ಕೆಲಸಕ್ಕ ಬರೂದಿಲ್ರಿ."

"ನೀ ಎಷ್ಟು ಹಡದೀಯವ್ವಾ? ನಾ ಆರು ಹಡದೇನಿ!"

ಅಳಿಯ ವಿಕ್ರಾಂತ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಚಹಾ ತರುತ್ತೇನೆಂದು ಹೊರಗೆ ಹೋದ. ಡಾಕ್ಟರು ಬಂದು ಹೇಳಿದರು, ಮುದುಕಿ ಕದಲಲಿಲ್ಲ. ಹನ್ನೆರಡು ಹೊಡೆಯಿತು, ಮೂರೂ ಹೊಡೆಯಿತು. ನೀಲಮ ಗೋಡೆಯ ಕಡೆಗೆ ಮುಖ ಮಾಡಿ ಅಳುತ್ತಿದ್ದಳು. ಜಗಳವಾಡಿದರೆ ಮುದುಕಿ ಕೂಸಿನೊಡನೆ ಎದ್ದು ನಡೆದಾಳು ಎಂಬ ಭಯ ಸುಂದರಾಳಿಗೆ.

ನಾಲ್ಕೂವರೆಗೆ ಅವಳು ಬೀಗಿತಿಯ ಮಗ್ಗುಲಲ್ಲಿ ಕುಳಿತಳು.

"ಅಕ್ಕಾ, ಸಟವಿ ಬರದದ್ದು ಅಳಸಾಕ ಬರತೈತೇನು?"

"ದೇವರ ಕಡಿಂದಲೂ ಆಗಂಗಿಲ್ಲ."

"ನನ್ನ ಮನೀ ಬ್ಯಾನಿನೂ ಆಕಿ ಬರದ್ರ?"

ಹೌಸಾಬಾಯಿ ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು.

"ಈ ಕೂಸಿಗೆ ಸಮಾಧಾನನ ಕಾವಲು ಬಂದೈತೋ ನೀಲೀದು ಬಂದೈತೋ, ಯಾರ ಬಲ್ಲರು? ಬರದ ಮ್ಯಾಲ ಸೂಜಿ ಹಾಕಿಸಿ ಏನ್ ಮಾಡೂನು? ಆಕಿ ಬರೂಕಿಂತ ಮೊದಲ ಹಾಕ್ಸೂನು. ಹಣಿ ಇನ್ನಾ ಖಾಲಿ ಐತಿ."

ಮುದುಕಿ ಸೆರಗು ಸರಿಸಿ ಕೂಸಿನ ಹಣೆಯನ್ನು ನೋಡುತ್ತ ಕುಳಿತಳು. ಗಡಿಯಾರ ಐದು ದಾಟಿತು.

"ಏ ನರಸಬಾಯಿ," ಎಂದು ಕೂಗಿದಳು. "ಬಾ. ನಾ ಮಾತ್ರ ನೋಡಂಗಿಲ್ಲ."

ಎರಡು ತೊಡೆಗೆ ಎರಡು ಸೂಜಿ. ಐದೂ ಇಪ್ಪತ್ತು. ಕೂಸು ಆಸ್ಪತ್ರೆ ನಡುಗುವಂತೆ ಕಿರುಚಿತು. ಸುಂದರಾ ನಗುತ್ತಲೇ ಕಣ್ಣೊರೆಸಿಕೊಂಡಳು.

ಐದನೆಯ ದಿನ ಸಟವಿಯ ಮುಂದೆ ಖಾಲಿ ಹಾಳೆ, ಪೆನ್ನು ಇಡುವುದು ರೂಢಿ. ಹೌಸಾಬಾಯಿ ಹಾಳೆಯನ್ನು ಸರಿಸಿ, ಕೂಸಿನ ಲಸಿಕೆ ಕಾರ್ಡನ್ನೇ ಬಿಚ್ಚಿಟ್ಟಳು.

"ಮೊದಲನೇ ಸಾಲು ನಾವ ತುಂಬೇವಿ ತಾಯಿ," ಎಂದಳು. "ಅದನ್ನ ನೋಡಿ ಮುಂದಿಂದು ಬರಿ."

ಹತ್ತನೆಯ ತಿಂಗಳಿನ ಪರೀಕ್ಷೆಯಲ್ಲಿ ಮೊಮ್ಮಗಳ ರಕ್ತ ಶುದ್ಧವಾಗಿತ್ತು.