ಯಾರ ಎಡಕ್ಕೆ ಮೂರನೆಯವರು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ಅಕ್ಕನದು. ಬಂದವರ ಹೆಸರು ಬರೆದುಕೊಳ್ಳಬೇಕು, ಕೂರಿಸಬೇಕು, ಒಳಗಿನ ಯಂತ್ರದ ಸದ್ದು ಕೇಳಿ ಎದ್ದು ಹೊರಟವರನ್ನು ಮಾತಾಡಿಸಿ ಮತ್ತೆ ಕೂರಿಸಬೇಕು. ಏಳು ವರ್ಷದಿಂದ ಇದೇ ಕೆಲಸ. ಬಿಡುವು ಸಿಕ್ಕಾಗಲೆಲ್ಲ ಹಳೆಯ ಚೀಟಿಗಳ ಬೆನ್ನಿಗೆ ಒಂದು ವೃತ್ತ ಬರೆದು, ಸುತ್ತ ಎಂಟು ಗೀಟು ಎಳೆದು, ಅಲ್ಲೂ ಎಂಟು ಜನರನ್ನು ಕೂರಿಸುತ್ತಿದ್ದಳು. ಬ್ಯಾಂಕ್ ಪರೀಕ್ಷೆಯಲ್ಲಿ ದುಂಡುಮೇಜಿನ ಲೆಕ್ಕ ಬಂದೇ ಬರುತ್ತದೆ. ಇವರು ಅವರ ಎಡಕ್ಕೆ ಮೂರನೆಯವರು, ಅವರ ಎದುರಿಗೆ ಇನ್ನೊಬ್ಬರು, ಹಾಗಾದರೆ ಯಾರು ಎಲ್ಲಿ? ಒಂದು ಸುತ್ತಿಗೆ ಐದು ಪ್ರಶ್ನೆ, ಸುತ್ತು ಸರಿಯಾಗಿ ಕೂತರೆ ಐದು ಅಂಕ. ಒಬ್ಬರು ತಪ್ಪಿ ಕೂತರೆ ಐದೂ ಗೋವಿಂದ.

ನಾಲ್ಕು ಸಲ ಬರೆದಿದ್ದಳು, ನಾಲ್ಕು ಸಲವೂ ಕೂದಲೆಳೆಯಲ್ಲಿ ತಪ್ಪಿತ್ತು. ಮೂವತ್ತು ದಾಟಿದವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಇಪ್ಪತ್ತೊಂಬತ್ತು ಮುಗಿಯುತ್ತ ಬಂದಿತ್ತು. ಇದೇ ಕೊನೆಯ ಸಲ.

ಸಾಲದ್ದಕ್ಕೆ ಈ ಸಲ ತಂಗಿಯೂ ಬರೆಯುವವಳಿದ್ದಳು, ಇಪ್ಪತ್ತಮೂರರ ಹುಡುಗಿ. ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟು, ಸುತ್ತ ಎಂಟು ಲೋಟ ಜೋಡಿಸಿ, ಈ ಲೆಕ್ಕವನ್ನು ಅವಳಿಗೆ ಕಲಿಸಿದವಳೇ ಅಕ್ಕ. ಮೂರು ತಿಂಗಳಲ್ಲಿ ತಂಗಿಗೆ ತಟ್ಟೆಯೂ ಬೇಡ, ಲೋಟವೂ ಬೇಡ, ಕಾಗದವೂ ಬೇಡ ಅನ್ನುವಂತಾಯಿತು. ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಒಂದಿಷ್ಟು ಬೆರಳಾಡಿಸಿ, ನೀರು ಕುಡಿದಷ್ಟು ಸಲೀಸಾಗಿ ಉತ್ತರ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಅಕ್ಕ ಇನ್ನೂ ಎಂಟನೇ ಗೀಟು ಎಳೆಯುತ್ತಿರುತ್ತಿದ್ದಳು.

“ಅಕ್ಕನ್ನೇ ಮೀರಿಸಿಬಿಟ್ಳಲ್ಲೇ ಇವಳು!” ಎಂದು ಅಮ್ಮ ಹೇಳಿದ್ದು ಪ್ರೀತಿಯಿಂದಲೇ. ಒಬ್ಬಳ ಬೆನ್ನು ತಟ್ಟಿದರೆ ಇನ್ನೊಬ್ಬಳ ಬೆನ್ನಿಗೆ ಗುದ್ದು ಬೀಳುತ್ತದೆ ಅನ್ನುವುದು ಅಮ್ಮಂದಿರಿಗೆ ಗೊತ್ತಾಗುವುದಿಲ್ಲ. ಅಕ್ಕ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಧಗಧಗ. ಕಲಿಸಿದ್ದು ನಾನು, ವರ್ಷಗಟ್ಟಲೆ ತೇದದ್ದು ನಾನು, ಹೊಗಳಿಕೆ ಅವಳಿಗೆ! ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮನೆಯ ಅನ್ನ ಉಂಡು, ಬುದ್ಧಿಯೆಲ್ಲ ಅವಳ ಪಾಲಿಗೆ ಹೋದದ್ದು ಹೇಗೆ?

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅಕ್ಕ ತಾನೇ ಒಂದು ಕಠಿಣ ಲೆಕ್ಕ ಕಟ್ಟಿದಳು. ಕ್ಲಿನಿಕ್ಕಿಗೆ ಬರುವವರನ್ನೇ ಹಿಡಿದು ತಂದು ಮೇಜಿನ ಸುತ್ತ ಕೂರಿಸಿದಳು: ದವಡೆ ಹಲ್ಲು ಕೀಳಿಸಬೇಕಾದ ಲಾಯರು, ತಂತಿ ಹಾಕಿಸಿಕೊಂಡ ಹುಡುಗಿ, ಹಲ್ಲುಸೆಟ್ಟು ಮನೆಯಲ್ಲೇ ಮರೆತು ಬಂದ ಅಜ್ಜ. ಕೆಲವರ ಮುಖ ಮೇಜಿನ ಕಡೆ, ಕೆಲವರ ಬೆನ್ನು ಮೇಜಿನ ಕಡೆ. ತಂಗಿ ಒಂದು ಸಲವಾದರೂ ತಡವರಿಸಲಿ ಅನ್ನುವುದಷ್ಟೇ ಅವಳ ಆಸೆ.

ತಂಗಿ ತಡವರಿಸಲಿಲ್ಲ, ತಪ್ಪೇ ಮಾಡಿದಳು. ಬಾಯಿಬಿಟ್ಟು ಎಣಿಸುತ್ತಿದ್ದಳಾದ್ದರಿಂದ ಅಕ್ಕನಿಗೆ ತಕ್ಷಣ ಗೊತ್ತಾಯಿತು. ಅಜ್ಜ ಲಾಯರ ಎಡಕ್ಕೆ ಮೂರನೆಯವನು ಅಂದರೆ ಲಾಯರ ಎಡಗೈ ಯಾವ ಕಡೆಗಿದೆಯೋ ಆ ಕಡೆಗೆ ಎಣಿಸಬೇಕು. ತಂಗಿ ಅಜ್ಜನ ಎಡಗೈ ನೋಡಿಕೊಂಡು ಎಣಿಸಿದ್ದಳು. ಇಬ್ಬರೂ ಒಳಮುಖವಾಗಿ ಕೂತಿದ್ದರೆ ಎರಡೂ ಒಂದೇ. ಅದಕ್ಕೇ ಇಷ್ಟು ದಿನ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬರು ಒಳಗೆ, ಒಬ್ಬರು ಹೊರಗೆ ಮುಖ ಮಾಡಿದರೆ ಮಾತ್ರ ಅಜ್ಜ ಹೋಗಿ ಬೇರೆಯವರ ಕುರ್ಚಿಯಲ್ಲಿ ಕೂರುತ್ತಾನೆ.

“ಸರಿ ಇದ್ಯಾ ಅಕ್ಕ?”

ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅಕ್ಕನಿಗೆ ಮೈಯೆಲ್ಲ ತಂಪಾದಂತಾಯಿತು. ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಖುಷಿ. “ಸರಿ ಇದೆ,” ಅಂದಳು.

ಆ ಹದಿನೈದು ದಿನ ಅವಳು ತನ್ನೊಳಗೇ ವಾದ ಮಾಡಿದಳು. ಅವಳಿಗೇನು, ಇನ್ನೂ ಏಳು ವರ್ಷ ಇದೆ. ನನಗಿರುವುದು ಒಂದೇ ದಿನ. ಇಂಥ ಲೆಕ್ಕ ಬರುತ್ತದೆ ಅಂತಲಾದರೂ ಏನು ಖಾತ್ರಿ? ಹೀಗೆಲ್ಲ ಹೇಳಿಕೊಂಡರೂ ನಿಜ ಅವಳಿಗೆ ಗೊತ್ತಿತ್ತು. ಕೆಲಸಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದದ್ದು ತಂಗಿ ಸೋಲುವುದು. ತಂಗಿ ನಗುನಗುತ್ತ ಕಾಫಿ ತಂದುಕೊಟ್ಟಾಗಲೆಲ್ಲ ಮಾತು ಬಾಯಿಗೆ ಬಂದು, ಕಾಫಿಯ ಜೊತೆಗೇ ಒಳಗೆ ಹೋಗುತ್ತಿತ್ತು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಮೂರು ಸಾಲು ಮುಂದೆ ತಂಗಿಯ ಜಡೆ ಕಾಣುತ್ತಿತ್ತು. ಪೆನ್ನು ಎಲ್ಲೂ ನಿಲ್ಲದೆ ಓಡುತ್ತಿತ್ತು. ಅಕ್ಕ ವೃತ್ತ ಬರೆದಳು, ಗೀಟು ಎಳೆದಳು, ಒಬ್ಬೊಬ್ಬರನ್ನೇ ಜೋಪಾನವಾಗಿ ಕೂರಿಸಿದಳು.

ಫಲಿತಾಂಶ ಬಂತು. ಅಕ್ಕ ಪಾಸು, ತಂಗಿಗೆ ನಾಲ್ಕು ಅಂಕ ಕಡಿಮೆ. ಅಮ್ಮ ಅಕ್ಕನನ್ನು ಅಪ್ಪಿಕೊಂಡು ಅತ್ತಳು. ತಂಗಿಯೂ ಅಪ್ಪಿಕೊಂಡಳು, ಅವಳ ಖುಷಿಯಲ್ಲಿ ಕಲಬೆರಕೆ ಇರಲಿಲ್ಲ. ಮಾರನೆಯ ದಿನ ಪ್ರಶ್ನೆಪತ್ರಿಕೆ ಹಿಡಿದು ಬಂದಳು.

“ಒಂದು ಸುತ್ತು ಪೂರ್ತಿ ಉಲ್ಟಾ ಆಗಿದೆ ಅಕ್ಕ. ಎಲ್ಲಿ ಎಡವಿದ್ದೀನಿ ನೋಡು.”

ಕೆಲಸ ಕೈಗೆ ಬಂದಿತ್ತು, ಇನ್ನು ಕಳೆದುಕೊಳ್ಳುವುದೇನೂ ಇರಲಿಲ್ಲ. ಅಕ್ಕ ಹೇಳಿದಳು, ಯಾರಿಂದ ಎಣಿಕೆ ಶುರುವೋ ಅವರ ಎಡಗೈ ಅಂತ.

“ಅಯ್ಯೋ, ಇಷ್ಟೇನಾ!” ತಂಗಿ ಹಣೆ ಚಚ್ಚಿಕೊಂಡು ನಕ್ಕಳು. “ನೀನು ಮೊದ್ಲೇ ನೋಡಿದ್ದಿದ್ರೆ ಹಿಡಿದುಬಿಡ್ತಿದ್ದೆ.”

“ನೋಡಿದ್ದೆ,” ಅಂದಳು ಅಕ್ಕ. “ಆ ಅಜ್ಜ, ಲಾಯರು... ಅವತ್ತೇ ಗೊತ್ತಾಗಿತ್ತು.”

ತಂಗಿಯ ನಗು ನಿಂತಿತು. ಬೈಯುತ್ತಾಳೆ ಅಂದುಕೊಂಡಳು ಅಕ್ಕ, ಬೈದರೆ ಹಗುರಾಗುತ್ತಿತ್ತು. ತಂಗಿ ಬೈಯಲಿಲ್ಲ. ಪ್ರಶ್ನೆಪತ್ರಿಕೆ ಎಳೆದುಕೊಂಡು, ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸಿದಳು. ಎರಡು ನಿಮಿಷವೂ ಆಗಲಿಲ್ಲ, ಐದು ಉತ್ತರ ಬರೆದಳು. ಅಕ್ಕ ಕತ್ತು ಚಾಚಿ ನೋಡಿದಳು. ಐದೂ ಸರಿ. ಅಷ್ಟರಲ್ಲೇ ಅವಳ ಹೊಟ್ಟೆಯೊಳಗೆ ಮತ್ತೆ ಅದೇ ಧಗಧಗ.

“ಸರಿ ಇದೆ,” ಅಂದಳು.

“ನಿನ್ನ ಕೇಳ್ಲಿಲ್ಲ,” ಅಂದು ತಂಗಿ ಎದ್ದು ಹೋದಳು.