ಸಾಲಿನ ಕೊನೆಯ ಮಾವು

ಮೇಗುಂದದ ಸುತ್ತಿನ ಹಳ್ಳಿಗಳಲ್ಲಿ ಮನೆಗೊಂದಾದರೂ ಕಾಟುಮಾವಿನ ಮರ ಇರುತ್ತದೆ. ಮಿಡಿ ಉಪ್ಪಿನಕಾಯಿಗೆ, ಹಣ್ಣು ಗೊಜ್ಜಿಗೆ. ಮರ ಯಾತಕ್ಕೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಸಾವಾದ ದಿನ ಆ ಮರಕ್ಕೆ ಕೊಡಲಿ ಬೀಳುತ್ತದೆ. ಮಾವು ಹಸಿಯಾದರೂ ಉರಿಯುತ್ತದೆ, ಸತ್ತವರನ್ನು ಅದರ ಮೇಲೆಯೇ ಮಲಗಿಸಬೇಕು. ಬದುಕಿರುವವರ ಎದುರಿಗೆ ಇದು ಇಂಥವರ ಮರ ಅಂದರೆ ಯಮನಿಗೆ ದಾರಿ ತೋರಿಸಿದ ಹಾಗೆ. ಆದ್ದರಿಂದ ಎಲ್ಲರಿಗೂ ಗೊತ್ತು, ಯಾರೂ ಅನ್ನುವುದಿಲ್ಲ.

ಸುಬ್ಬಮ್ಮ ಮುತ್ತಿನಕೊಪ್ಪದಿಂದ ಮದುವೆಯಾಗಿ ಬಂದಾಗ ಮನೆಯ ಹಿಂದೆ ದಿಬ್ಬದಂತೆ ಎದ್ದ ದರೆಯ ಮೇಲೆ ಅಂಥ ಮೂರು ಮರ ಸಾಲಾಗಿ ನಿಂತಿದ್ದವು. ಮಾವ ಹೋದಾಗ ಒಂದು ಹೋಯಿತು. ಅತ್ತೆ ಹೋದಾಗ ಇನ್ನೊಂದು. ಉಳಿದದ್ದು ಒಂದು ಮರ, ವಯಸ್ಸಾಗುತ್ತಿದ್ದವರು ಇಬ್ಬರು: ಅವಳು ಮತ್ತು ಅವಳ ಗಂಡ ತಿಮ್ಮಣ್ಣ. ಆ ಲೆಕ್ಕವನ್ನು ಇಬ್ಬರೂ ಮನಸ್ಸಿನಲ್ಲಿ ಮಾಡಿಯೇ ಇದ್ದರು. ಇನ್ನೊಂದು ಸಸಿ ನೆಡೋಣ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ನೆಡುವುದು ಯಾರಿಗೆ ಎಂಬ ಮಾತು ಅದರ ಬೆನ್ನಿಗೇ ಬರುತ್ತದಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಊರಿಗೆ ಸರ್ವೆಯವರು ಬಂದರು. ಶಾಲೆಯ ಜಗುಲಿಯಲ್ಲಿ ಸಭೆ. ಶ್ವೇತ ಎಂಬ ಹುಡುಗಿ ಎದ್ದು ನಿಂತು ಬಿಡಿಸಿ ಹೇಳಿದಳು. “ಭೂಮಿ ಬಿಸಿ ಏರ್ತಾ ಇದೆ. ನಮ್ಮ ದೇಶ ಎಷ್ಟು ಹೊಗೆ ಕಮ್ಮಿ ಮಾಡ್ಬೇಕು, ಎಷ್ಟನ್ನ ಮರಗಳೊಳಗೆ ಹಿಡಿದಿಡಬೇಕು ಅಂತ ದೆಹಲಿಯಲ್ಲಿ ಯೋಜನೆ ಬರೀತಿದ್ದಾರೆ. ಬರೆಯೋ ಮೊದಲು ಕೆಲವು ಊರುಗಳಲ್ಲಿ ಮಾಡಿ ನೋಡ್ತಾರೆ. ನಿಮ್ಮೂರೂ ಅದರಲ್ಲಿ ಒಂದು.”

ಆಚೆಮನೆ ಯಲ್ಲಕ್ಕನಿಗೆ ಸುಮ್ಮನಿರುವುದು ಗೊತ್ತಿಲ್ಲ. “ನಮ್ಮ ಬಚ್ಚಲೊಲೆ ಹೊಗೆ ದೆಹಲಿ ತನಕ ಹೋಯ್ತಾ ಮಾರಾಯ್ತಿ? ನನ್ನ ಮಗನಿಗೆ ಅಲ್ಲಿಗೆ ಹೋಗ್ಲಿಕ್ಕೆ ಟಿಕೆಟೇ ಸಿಗ್ಲಿಲ್ಲ!”

ಜಗುಲಿಯೆಲ್ಲ ನಕ್ಕಿತು. ಶ್ವೇತಳೂ ನಕ್ಕಳು. ಆಮೇಲೆ ಷರತ್ತು ಹೇಳಿದಳು. ಮೂವತ್ತು ವರ್ಷ ಕಡಿಯದೆ ಉಳಿಸುವ ಮರಗಳನ್ನು ಮನೆಯವರೇ ತೋರಿಸಬೇಕು, ಅವಕ್ಕೆ ನಂಬರಿನ ತಗಡು ಕಟ್ಟುತ್ತಾರೆ. ಊರಿಗೆ ಹೊಗೆಯಿಲ್ಲದ ಒಲೆ ಬರುತ್ತದೆ, ಅಡಿಕೆ ಒಣಗಿಸಲು ಬಿಸಿಲಿನ ಯಂತ್ರ ಬರುತ್ತದೆ. ಆದರೆ ತಗಡು ಕಟ್ಟಿದ ಒಂದು ಮರ ಬಿದ್ದರೂ ಇಡೀ ಊರನ್ನು ಕೈಬಿಡುತ್ತಾರೆ.

“ಕಡಿಯೋ ಮರ ಇದ್ರೆ ಈಗ್ಲೇ ಹೇಳಿ. ಅದನ್ನ ಬಿಟ್ಟು ಕಟ್ತೇವೆ. ಸಂಕೋಚ ಬೇಡ.”

ಹಿತ್ತಿಲಿನ ಮಾವು ಎಲ್ಲರ ನಾಲಿಗೆಯ ತುದಿಯಲ್ಲಿತ್ತು. ಒಬ್ಬರ ಬಾಯಿಂದಲೂ ಆಚೆ ಬರಲಿಲ್ಲ. ಮುದುಕರು ಎಲೆ ಅಡಿಕೆ ಮೆಲ್ಲುತ್ತ ತೊಲೆ ನೋಡಿದರು. ಪರವೂರ ಹುಡುಗಿ, ಅವಳಿಗೆ ಹೇಗೆ ತಿಳಿಯಬೇಕು? ಕಡಿಯುವ ಮರ ಯಾವುದೂ ಇಲ್ಲ ಎಂದೇ ತಿಳಿದಳು.

ಮರುದಿನ ಅವಳು ಸುಬ್ಬಮ್ಮನ ಹಿತ್ತಿಲಿಗೆ ಬಂದು ಮಾವಿನ ಕಾಂಡಕ್ಕೆ ಟೇಪು ಸುತ್ತಿದಳು. “ಅಜ್ಜ, ಇದನ್ನ ಕಡಿಯೋ ಯೋಚನೆ ಇದೆಯಾ?”

ತಿಮ್ಮಣ್ಣ ಮರ ನೋಡಿದ. ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. “ಇಲ್ಲ ಮಗ. ಇದು ಇರ್ಲಿ.” ತಗಡು ಬಿಗಿಯುವ ತಂತಿಯ ತುದಿಯನ್ನು ತಾನೇ ಹಿಡಿದು ಕಟ್ಟಿಸಿದ.

ಅದಕ್ಕೂ ಮೊದಲೇ ಶಿವಮೊಗ್ಗದ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಹೊಟ್ಟೆಯ ಗಡ್ಡೆಯ ಸಂಗತಿ ಹೇಳಿದ್ದರು. ಹೊರಗೆ ಬಂದವನು ಹೆಂಡತಿಗೆ “ಎಂತದೂ ಇಲ್ಲ, ಗ್ಯಾಸು” ಅಂದಿದ್ದ. ಅವಳು ನಂಬಿ ಜೀರಿಗೆ ಕಷಾಯ ಕುದಿಸಿ ಕುದಿಸಿ ಕೊಟ್ಟಳು.

ಶಿವರಾತ್ರಿಯ ಹೊತ್ತಿಗೆ ಅವನಿಗೊಂದು ಹೊಸ ಹುಚ್ಚು ಹತ್ತಿತು. ಗಾಳಿಗೆ ಎಲ್ಲಿ ಮಾವಿನ ಕೊಂಬೆ ಮುರಿದು ಬಿದ್ದರೂ ಎಳೆದು ತರುವುದು, ಕುಯ್ದು ಕೊಟ್ಟಿಗೆಯ ಹಿಂದೆ ಒಟ್ಟುವುದು, ಮೇಲೆ ಅಡಿಕೆ ಹಾಳೆ ಮುಚ್ಚುವುದು. ಒಂದಿನ ಸುಬ್ಬಮ್ಮ ಅದರಿಂದ ಎರಡು ತುಂಡು ಬಚ್ಚಲೊಲೆಗೆ ತಂದಳು. ಎಂದೂ ಗದರದ ಮನುಷ್ಯ ಗದರಿದ. “ಅದನ್ನ ಮುಟ್ಬೇಡ ಅಂದ್ನಲ್ಲ!”

“ಸೌದೆ ಇಟ್ಕೊಂಡು ಪೂಜೆ ಮಾಡ್ತೀರಾ?” ಅಂದಳು ಅವಳು. ಅವನು ಆ ಎರಡೂ ತುಂಡನ್ನು ಎತ್ತಿಕೊಂಡು ಹೋಗಿ ಮತ್ತೆ ರಾಶಿಗಿಟ್ಟ.

ಮಳೆ ಹಿಡಿಯಿತು. ತಿಮ್ಮಣ್ಣ ಹಾಸಿಗೆ ಹಿಡಿದ. ಮೈಯೆಲ್ಲ ನೋವು, ಬಿಸಿನೀರು ಹುಯ್ದರೆ ಒಂದಿಷ್ಟು ಹಾಯೆನಿಸುತ್ತಿತ್ತು. ಬೇರೆ ಸೌದೆಗೆ ಎರಚಲು ಹೊಡೆದು ಹೊಗೆ ಬಿಟ್ಟರೆ ಉರಿಯಿಲ್ಲ. ಸುಬ್ಬಮ್ಮ ಕೊಟ್ಟಿಗೆಯ ಹಿಂದೆ ಹೋದಳು. ಗದರುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ದಿನ ಬೆಳಗಾದರೆ ಆ ಒಣ ಮಾವಿನ ತುಂಡು ಒಲೆಗಿಟ್ಟು, ಹಂಡೆ ನೀರು ಕಾಯಿಸಿ, ಅವನ ಬೆನ್ನಿಗೆ ಹುಯ್ದಳು. ನೀರು ಬೀಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಾವ ಸೌದೆ ಎಂದು ಹೊಗೆಯ ವಾಸನೆಯಲ್ಲೇ ಅವನಿಗೆ ಗೊತ್ತಾಗಿರಬೇಕು.

ಆಷಾಢದ ಒಂದು ಬೆಳಿಗ್ಗೆ ಅವನು ಹೋದ.

ಊರವರು ಕೂಡಿದರು. ಮಗ ಅಭಿಷೇಕ ಅತ್ತು ಮುಗಿಸಿ, ಮರ ಕುಯ್ಯುವ ಮಿಷನ್ ಹಿಡಿದು ದರೆಯ ಕಡೆ ಹೊರಟ. ಅಲ್ಲಿ ಊರ ಸಮಿತಿಯ ಅಧ್ಯಕ್ಷ ರೇಣುಕಾಪ್ರಸಾದ್ ಕೊಡೆ ಹಿಡಿದು ನಿಂತಿದ್ದ.

“ನಾನು ಬೇಡ ಅನ್ನಲ್ಲ ಅಭಿ. ನಿಮ್ಮಪ್ಪ ಅಂದ್ರೆ ನನಗೂ ಅಣ್ಣನ ಹಾಗೆ. ಆದ್ರೆ ಆ ತಗಡು ನೋಡು. ಇನ್ನೇನು ಒಲೆ ಬರೋದ್ರಲ್ಲಿ ಉಂಟು.”

“ನಿಮ್ಮಪ್ಪ ಸತ್ತಾಗ ಎರಡು ಮರ ಉರುಳಿಸಿದ್ರಲ್ಲ, ಆಗ ಭೂಮಿ ತಣ್ಣಗಿತ್ತಾ?” ಯಲ್ಲಕ್ಕ ರೇಣುಕಾಪ್ರಸಾದನನ್ನು ಕೇಳಿದಳು. “ಇಡೀ ಪ್ರಪಂಚದ ಹೊಗೆಗೆ ಈ ಬಡಪಾಯಿ ಹೆಣವೇ ಸಿಕ್ಕಿದ್ದಾ?”

“ಹಾಗಲ್ಲ ಯಲ್ಲಕ್ಕ. ನಿಮ್ಮನೆಗೂ ಬರೋ ಒಲೆ ಅದು.”

ಯಲ್ಲಕ್ಕ ಸೆರಗು ತಲೆಗೆಳೆದುಕೊಂಡು ಹಿಂದೆ ಸರಿದಳು. ಎಲ್ಲರೂ ಸುಬ್ಬಮ್ಮನ ಮುಖ ನೋಡಿದರು. ಮರ ಕಡಿದರೆ ಊರಿಗೆ ಬೇಡವಾಗುತ್ತಾಳೆ, ಕಡಿಯದಿದ್ದರೆ ಗಂಡನಿಗೆ ಒಂದು ಮರ ಕೊಡದವಳಾಗುತ್ತಾಳೆ. ಅವಳನ್ನು ಕೊರೆಯುತ್ತಿದ್ದುದು ಅದಲ್ಲ. ಅಂದು ‘ಇದು ಇರ್ಲಿ’ ಅಂದನಲ್ಲ, ಮನಸ್ಸಿನಿಂದ ಅಂದನೋ, ಹೆಂಡತಿ ಎದುರಿಗಿದ್ದಾಳೆ, ಸಾವಿನ ಮಾತು ಬೇಡ ಎಂದು ಅಂದನೋ? ಕೇಳೋಣವೆಂದರೆ ಬಾಯಿ ಮುಚ್ಚಿ ಮಲಗಿದ್ದಾನೆ.

ಆಗ ಅವಳಿಗೆ ಕೊಟ್ಟಿಗೆಯ ಹಿಂದಿನ ರಾಶಿ ಕಣ್ಣಿಗೆ ಕಟ್ಟಿತು.

ಎದ್ದು ಮಳೆಯಲ್ಲೇ ಹೋದಳು. ಹಾಳೆ ಸರಿಸಿದಳು. ಉಳಿದಿದ್ದ ತುಂಡುಗಳೆಲ್ಲ ಒಂದೇ ಅಳತೆ, ಚಿತೆಯಲ್ಲಿ ಆಳುದ್ದಕ್ಕೂ ಅಡ್ಡ ಒಟ್ಟಲು ಸರಿಯಾಗಿ ಕುಯ್ದದ್ದು. ಬಚ್ಚಲೊಲೆಗೆ ಯಾರೂ ಅಷ್ಟು ಉದ್ದ ಕುಯ್ಯುವುದಿಲ್ಲ. ತಾನು ದಿನವೂ ಒಲೆಯ ಬಾಯಿಂದ ಹೊರಗೆ ಚಾಚಿದ್ದನ್ನು ಒಳಗೆ ನೂಕುತ್ತಲೇ ಇದ್ದೆ, ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು. ರಾಶಿ ಅರ್ಧಕ್ಕಿಂತ ಕೆಳಗಿಳಿದಿತ್ತು.

“ಮರ ಮುಟ್ಬೇಡ ಅಭಿ,” ಅಂದಳು ಬೆನ್ನಿಗೇ ಬಂದಿದ್ದ ಮಗನಿಗೆ. “ಇದನ್ನ ಹೊತ್ಕೊಂಡು ಹೋಗಿ.”

“ಇದು ಸಾಲಲ್ಲ ಅಮ್ಮ!”

“ಸಾಲ್ತಿತ್ತು,” ಅಂದಳು.

ಸಾಲಲಿಲ್ಲ. ಮನೆಮನೆಯಿಂದ ಕೈಗೆ ಸಿಕ್ಕಿದ ಸೌದೆ ಬಂತು, ಮತ್ತಿ, ಹಲಸು, ಅರ್ಧ ಒದ್ದೆ. ರೇಣುಕಾಪ್ರಸಾದ್ ತನ್ನ ಮನೆಯಿಂದ ಒಂದು ಗಾಡಿ ಕಳಿಸಿದ, ತಾನು ಬರಲಿಲ್ಲ. ಮೇಲೆ ತಗಡಿನ ಮಾಡು ಕಟ್ಟಿದರೂ ಬೆಂಕಿ ಏಳಲೊಲ್ಲದು. ಸೀಮೆಎಣ್ಣೆ ಸುರಿದರು, ತುಪ್ಪ ಸುರಿದರು, ಹಳೇ ಟೈರು ಎಳೆದು ತಂದರು. ಕಪ್ಪು ಹೊಗೆ ದರೆ ಹತ್ತಿ ಆ ಮಾವಿನ ಕೊಂಬೆಗಳೊಳಗೆ ಹೊಕ್ಕು ನಿಂತಿತು. ಸುಡುವುದು ಸರಿಯಾಗಿ ಮುಗಿಯಲಿಲ್ಲ. ಮುಗಿಯದ್ದನ್ನು ಹೇಗೆ ಮುಗಿಸಿದರು ಎಂದು ಗಂಡಸರು ಮನೆಯಲ್ಲಿ ಹೇಳಲಿಲ್ಲ, ಸುಬ್ಬಮ್ಮ ಕೇಳಲಿಲ್ಲ. ಅಭಿಷೇಕ ಅಮ್ಮನ ಕೂಡೆ ಮಾತು ಬಿಟ್ಟ. ಊಟಕ್ಕೆ ಬಡಿಸಿದರೆ ಉಣ್ಣುತ್ತಾನೆ, ಅಷ್ಟೆ.

ದೀಪಾವಳಿ ಕಳೆದು ಶ್ವೇತ ಮತ್ತೆ ಬಂದಳು. ಕೈಯಲ್ಲಿ ಒಂದು ಇಕ್ಕಳ.

“ಯೋಜನೆ ತಿದ್ದಿದ್ದಾರೆ ಅಮ್ಮ. ಹಿತ್ತಿಲಿನ ಮರಗಳನ್ನ ಲೆಕ್ಕಕ್ಕೆ ತಗೊಳ್ಳೋದಿಲ್ವಂತೆ. ಕಾಡು ಮಾತ್ರ. ತಗಡು ಬಿಚ್ಚೋಕೆ ಹೇಳಿದ್ದಾರೆ.” ತಲೆ ತಗ್ಗಿಸಿದಳು. “ಒಲೆಯೂ ಬರೋದಿಲ್ಲ.”

ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಭಿಷೇಕನಿಗೆ ಅದು ಕೇಳಿಸಿತು. ನಕ್ಕ. ಆ ನಗು ಕೇಳಿದ್ದಕ್ಕಿಂತ ಅವನ ಮೌನವೇ ವಾಸಿಯಾಗಿತ್ತು ಎನಿಸಿತು ಸುಬ್ಬಮ್ಮನಿಗೆ.

ಶ್ವೇತ ತಂತಿ ಕತ್ತರಿಸಿದಳು. ಕಾಂಡ ದಪ್ಪಗಾಗಿ ತಂತಿ ತೊಗಟೆಯೊಳಗೆ ಇಳಿದಿತ್ತು. ಎಳೆದರೆ ಸೊನೆ ಬಂತು. ಅತ್ತ ಎರಡು ಬೊಡ್ಡೆಗಳು, ಇತ್ತ ಈ ಮರ. ಮನೆಯಲ್ಲಿ ವಯಸ್ಸಾದವರು ಈಗ ಒಬ್ಬರೇ. ಎಂದೋ ಮಾಡಿ ಬಿಟ್ಟಿದ್ದ ಲೆಕ್ಕ ತಾನಾಗಿ ಸರಿಹೊಂದಿ ನಿಂತಿತ್ತು. ಅಂದು ತಂತಿಯ ತುದಿ ಹಿಡಿದಿದ್ದ ಕೈ ಸುಬ್ಬಮ್ಮನ ಕಣ್ಣ ಮುಂದೆ ಬಂತು, ತನ್ನ ಕಡೆ ತಿರುಗಿದ ಆ ನೋಟವೂ ಬಂತು.

“ಇನ್ನು ಇದು ನಿಮ್ಮದೇ ಅಮ್ಮ,” ಅಂದಳು ಶ್ವೇತ, ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು. “ಬೇಕಾದ್ರೆ ಕಡೀಬಹುದು. ಕಡಿಸ್ತೀರಾ?”

ಅಂಗಳದಲ್ಲಿ ಅಡಿಕೆಯ ಸದ್ದು ನಿಂತಿತು. ಮಗ ಕಿವಿಗೊಟ್ಟಿದ್ದಾನೆ ಎಂದು ಸುಬ್ಬಮ್ಮನಿಗೆ ತಿಳಿಯಿತು.

ಸೆರಗಿನಿಂದ ಸೊನೆ ಒರೆಸಿದಳು.

“ಇಲ್ಲ ಮಗ,” ಅಂದಳು. “ಇರ್ಲಿ.”